ಗೋಡೆಯಾಚೆಗೆ ಹೋದ ಮಾತು

ರೌನೊ ಕೆಸ್ಕಿನೆನ್‌ಗೆ ತನ್ನ ಕೈಕೆಲಸದ ಮೇಲಿದ್ದಷ್ಟು ನಂಬಿಕೆ ದೇವರ ಮೇಲೂ ಇರಲಿಲ್ಲ. ಹೆಂಡತಿ ಇರ್ಯಾ ಎಳೆದುಕೊಂಡು ಹೋದರೆ ಚರ್ಚಿಗೆ ಹೋಗುತ್ತಿದ್ದ. ಅಲ್ಲಿ ಪ್ರಾರ್ಥನೆ ಬಿಟ್ಟು, ತಲೆಯ ಮೇಲಿನ ದೀಪಗಳಿಗೆ ಇಷ್ಟು ಕೆಟ್ಟದಾಗಿ ವೈರು ಎಳೆದ ಪುಣ್ಯಾತ್ಮ ಯಾರಪ್ಪಾ ಎಂದು ಯೋಚಿಸುತ್ತ ಕೂರುತ್ತಿದ್ದ. ಕೆನಡಾದ ಥಂಡರ್ ಬೇ ಊರಿನ ಕಾಗದದ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಎಲೆಕ್ಟ್ರಿಷಿಯನ್ ಆಗಿ ದುಡಿದು ನಿವೃತ್ತನಾದವನು. ಮನೆಯ ನೆಲಮಾಳಿಗೆಯನ್ನು ತಾನೇ ಕಟ್ಟಿದ್ದ, ಅದರೊಳಗೆ ಸೌನಾವನ್ನೂ, ಎಂದರೆ ಬಿಸಿ ಹಬೆಯಲ್ಲಿ ಮೀಯುವ ಕೋಣೆಯನ್ನೂ, ತಾನೇ ಕಟ್ಟಿದ್ದ. ಒಳಗೆಲ್ಲ ಸೀಡರ್ ಮರದ ಹಲಗೆ. ಹಲಗೆಯ ಹಿಂದೆ, ಕಾವು ಹೊರಗೆ ಸೋರದಂತೆ, ಗೋಡೆಗಳಿಗೂ ಚಾವಣಿಗೂ ಅಲ್ಯೂಮಿನಿಯಂ ಹಾಳೆ. ಫಿನ್‌ಲೆಂಡಿನ ಕಡೆಯಿಂದ ಬಂದ ಅವನಂಥವರು ಸೌನಾ ಕಟ್ಟುವುದೇ ಹಾಗೆ. ಆದರೆ ಕೂದಲೆಳೆಯಷ್ಟೂ ಸಂದು ಬಿಡದೆ ಹಾಳೆ ಹೊದಿಸಿದವನು ಆ ಬೀದಿಯಲ್ಲಿ ರೌನೊ ಒಬ್ಬನೇ. ಇನ್ನೊಬ್ಬರನ್ನು ಕರೆದು ಕೆಲಸ ಮಾಡಿಸುವುದೆಂದರೆ ಅವನಿಗೆ ಬೀದಿಯಲ್ಲಿ ನಿಂತು ಕೈ ಚಾಚಿದಷ್ಟೇ ಅವಮಾನ.

ಗಂಡ ಹೆಂಡತಿ ಮಾತಾಡುತ್ತಿದ್ದ ರೀತಿಯೂ ಸ್ವಲ್ಪ ವಿಚಿತ್ರವೇ. ಎದುರುಬದುರು ಕೂತರೆ ಇಬ್ಬರ ಬಾಯಿಗೂ ಬೀಗ. ಆಲೂಗಡ್ಡೆ ಬೆಂದಿದೆಯೋ ಇಲ್ಲವೋ, ಹೊರಗೆ ಎಷ್ಟು ಚಳಿ, ಅಷ್ಟೇ. ಮನಸ್ಸಿನ ಮಾತು ಬರಬೇಕೆಂದರೆ ಅವನು ಕೆಳಗೆ ಸೌನಾದ ಒಲೆಗೆ ಕಟ್ಟಿಗೆ ಹಾಕುತ್ತಿರಬೇಕು, ಅವಳು ಮೇಲೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿರಬೇಕು. ಆಗ ಮಾತು ಮೆಟ್ಟಿಲು ಇಳಿಯುತ್ತಿತ್ತು, ಹತ್ತುತ್ತಿತ್ತು. ಮಗು ಹೊಟ್ಟೆಯಲ್ಲೇ ಹೋದ ದುಃಖವನ್ನು ಇರ್ಯಾ ಹೇಳಿಕೊಂಡದ್ದು ಹಾಗೆ. ಜೊತೆಗೆ ದುಡಿಯುತ್ತಿದ್ದವನೊಬ್ಬ ಕಣ್ಣೆದುರೇ ಯಂತ್ರಕ್ಕೆ ಸಿಕ್ಕಿ ಸತ್ತದ್ದನ್ನು ರೌನೊ ಬಾಯಿಬಿಟ್ಟು ಹೇಳಿದ್ದೂ ಹಾಗೆಯೇ. ಮುಖ ಕಾಣದಿದ್ದರೆ ಮಾತು ಬರುತ್ತಿತ್ತು. ಇದೆಂಥ ಸಂಸಾರ ಎಂದು ಮೂಗು ಮುರಿಯುವವರು ಮುರಿಯಲಿ. ಅವರ ಸಂಸಾರ ನಡೆದದ್ದು ಹೀಗೆಯೇ, ಚೆನ್ನಾಗಿಯೇ ನಡೆಯಿತು.

ಆಮೇಲೆ ಇರ್ಯಾಳಿಗೆ ನರಗಳೆಲ್ಲ ಒಂದೊಂದಾಗಿ ಕೈಬಿಡುವ ಕಾಯಿಲೆ ಬಂತು. ಮೊದಲು ಕಾಲು ಹೋಯಿತು, ಆಮೇಲೆ ಎಡಗೈ. ಎಲೆ ಉದುರುವ ಹೊತ್ತಿಗೆ ನಾಲಿಗೆಯೂ ಹೋಯಿತು. ಏನು ಹೇಳಿದರೂ ಗಂಟಲಲ್ಲಿ ಗೊರಗೊರ ಎನ್ನುವುದು ಬಿಟ್ಟರೆ ಬೇರೇನಿಲ್ಲ. ಕೊನೆಗೆ ಉಳಿದದ್ದು ಕಣ್ಣು, ಬಲಗೈಯ ಎರಡು ಬೆರಳು, ಮತ್ತು ಮೊದಲಿನಷ್ಟೇ ಚುರುಕಾದ ತಲೆ. ಡಾಕ್ಟರ್ ಮೊದಲೇ ಹೇಳಿದ್ದರು, ತಲೆಗೆ ಏನೂ ಆಗುವುದಿಲ್ಲ ಎಂದು. ಅದು ಸಮಾಧಾನದ ಮಾತೋ ಶಾಪವೋ ರೌನೊಗೆ ತಿಳಿಯಲಿಲ್ಲ.

ಅವನು ತಡಮಾಡಲಿಲ್ಲ. ಅವಳ ಬೆರಳಿನ ಕೆಳಗೊಂದು ಮೆತ್ತನೆಯ ಗುಂಡಿ ಇಟ್ಟು, ಅದರಿಂದ ನೆಲಮಾಳಿಗೆಗೆ ತಂತಿ ಎಳೆದು ಗಂಟೆ ಕಟ್ಟಿದ. ಒತ್ತಿದರೆ ಸಾಕು, ಓಡಿ ಬರುತ್ತಿದ್ದ. ಇರ್ಯಾ ಅದನ್ನು ಎರಡು ದಿನ ಸಹಿಸಿಕೊಂಡಳು. ಆಮೇಲೆ ಚರ್ಚಿನವರು ಕೊಟ್ಟ ಹಳೆಯ ಲ್ಯಾಪ್‌ಟಾಪಿನಲ್ಲಿ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ ತೋರಿಸಿದಳು.

"ಗಂಟೆ ಕಟ್ಟೋದು ಹಸುವಿಗೆ. ನನಗೆ ಮಾತು ಬೇಕು."

"ಇದರಲ್ಲೇ ಬರೀತಿದೀಯಲ್ಲ ಕಣೇ, ಇದು ಮಾತಲ್ವಾ?"

"ನೀನು ಎದುರಿಗೆ ನಿಂತ್ಕೊಂಡ್ರೆ ನನಗೆ ಏನೂ ಬರಲ್ಲ. ಗೊತ್ತಿಲ್ವಾ?"

ಗೊತ್ತಿತ್ತು. ಕೆಳಗೆ ತನ್ನ ಕೆಲಸದ ಮೇಜಿನ ಮೇಲೂ ಒಂದು ಕಂಪ್ಯೂಟರ್ ಇತ್ತು, ದೋಣಿಯ ಮೋಟಾರುಗಳ ಬಿಡಿಭಾಗ ಹುಡುಕಲು ಇಟ್ಟುಕೊಂಡದ್ದು. ಎರಡಕ್ಕೂ ನಡುವೆ ದಾರಿ ಮಾಡಿದರೆ ಆಯಿತಲ್ಲ ಎಂದುಕೊಂಡ. ತಂತಿಯ ಸುರುಳಿ ಹಿಡಿದುಕೊಂಡು ಮೇಲೆ ಬಂದರೆ ಇರ್ಯಾ ಎರಡು ಸಲ ಕಣ್ಣು ಮುಚ್ಚಿದಳು. ಎರಡು ಸಲ ಎಂದರೆ ಬೇಡ, ಒಂದು ಸಲ ಎಂದರೆ ಹೂಂ. ಹೊಟ್ಟೆಗೆ ಒಂದು ಕೊಳವೆ, ಕೆಳಗೊಂದು ಕೊಳವೆ, ಮೂಗಿನ ಹತ್ತಿರ ಇನ್ನೊಂದು. ಇನ್ನೂ ಒಂದು ದಾರ ತನ್ನ ಮಂಚಕ್ಕೆ ಕಟ್ಟಿಸಿಕೊಳ್ಳಲು ಅವಳು ಸಿದ್ಧಳಿರಲಿಲ್ಲ.

ಹೀಗಾಗಿ ತಂತಿಯಿಲ್ಲದ ನೆಟ್‌ವರ್ಕ್. ಆಗ ಅದು ಬೀದಿಗೆಲ್ಲ ಹೊಸದು. ಅಂಗಡಿಯ ಹುಡುಗ ಮನೆಗೇ ಬಂದು ಹಾಕಿಕೊಡುತ್ತೇನೆಂದ. ರೌನೊ ಅವನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಪೆಟ್ಟಿಗೆ ಎತ್ತಿಕೊಂಡು ಬಂದ. ಕನ್ನಡಕ ಏರಿಸಿಕೊಂಡು ಪುಸ್ತಕವನ್ನು ಮೊದಲ ಪುಟದಿಂದ ಓದಿದ. ರೌಟರನ್ನು ಸೌನಾದ ಪಕ್ಕದ ಹಲಗೆಯ ಮೇಲೆ ಕೂರಿಸಿದ. ನೆಟ್‌ವರ್ಕಿಗೆ ಒಂದು ಹೆಸರು ಕೊಡಿ ಎಂದು ಪುಸ್ತಕ ಹೇಳಿತು. ರೌಟರ್ ತಯಾರಿಸಿದವರು ಇಟ್ಟ ಹೆಸರು ಇರುವಾಗ ಇನ್ನೊಂದು ಯಾಕೆ ಎಂದು ಅದನ್ನೇ ಬಿಟ್ಟ. ಗುಪ್ತಪದದ ಬೀಗ ಹಾಕಿ ಎಂದಿತು. ರೌನೊಗೆ ನಗು ಬಂತು. ಆ ಬೀದಿಯಲ್ಲಿ ಬೆಳಗಿಂದ ಸಂಜೆಯವರೆಗೆ ಬಾಗಿಲಿಗೇ ಬೀಗ ಹಾಕುವವರಿರಲಿಲ್ಲ, ಗಾಳಿಗೆ ಬೀಗವೇ?

ಇರ್ಯಾ ಬರೆದು ಒಂದು ಗುಂಡಿ ಒತ್ತಿದರೆ ಕೆಳಗಿನ ಪರದೆಯ ನಟ್ಟನಡುವೆ ಪುಟ್ಟ ಪೆಟ್ಟಿಗೆಯೊಂದು ಠಣ್ಣನೆ ತೆರೆದುಕೊಂಡು ಮಾತು ಕಾಣುತ್ತಿತ್ತು. ಓದಿ 'ಓಕೆ' ಒತ್ತಿದರೆ ಮಾತು ಮಾಯ. ಯಾರಿಗೆ ಕಳಿಸಬೇಕು ಎಂದು ಪ್ರತಿ ಸಲ ಹೆಸರು ಬರೆಯುವ ಕಷ್ಟ ಅವಳ ಬೆರಳಿಗೆ ಬೇಡವೆಂದು ರೌನೊ 'ನೆಟ್‌ವರ್ಕಿನಲ್ಲಿರುವ ಎಲ್ಲರಿಗೂ' ಎಂದು ಮಾಡಿಟ್ಟ. ಎಲ್ಲರೂ ಎಂದರೆ ಅವನೊಬ್ಬನೇ ತಾನೆ.

ಸಿಗ್ನಲ್ ಬಡಕಲಾಗಿತ್ತು, ಅವಳ ಪರದೆಯ ಮೂಲೆಯಲ್ಲಿ ಒಂದೇ ಒಂದು ಗೀಟು. ಆದರೂ ಮಾತು ಇಳಿಯಿತು. "ನೀನು ಹಾಕ್ಕೊಂಡಿರೋ ಸ್ವೆಟರ್ ಹೋದ ಜನ್ಮದಲ್ಲಿ ಒಗೆದದ್ದಾ?" ಎಂಬುದು ಮೊದಲನೆಯದು. ರೌನೊ ಒಬ್ಬನೇ ಕೂತು ಕಣ್ಣೊರೆಸಿಕೊಂಡ. "ಈ ಜನ್ಮದ್ದೇ, ಈಸ್ಟರಲ್ಲಿ," ಎಂದು ಬರೆದು ಕಳಿಸಿದ. ಡಿಸೆಂಬರ್ ತುಂಬ ಹೀಗೆ ನಡೆಯಿತು. ತಾನು ಸತ್ತಮೇಲೆ ಅವನು ಬರೀ ಸಾಸೇಜ್ ತಿಂದು ಬದುಕುತ್ತಾನೆಂದು ಬೈದಳು. ತನಗೆ ಹೆದರಿಕೆಯಾಗುತ್ತದೆ ಎಂದು ಒಂದು ಮಧ್ಯಾಹ್ನ ಬರೆದಳು. ನನಗೂ ಎಂದು ಅವನು ಬರೆದ. ಆಮೇಲೆ ಮೇಲೆ ಹೋಗಿ, ಏನೂ ಆಗದವನ ಹಾಗೆ, ಕೆಮ್ಮು ಹತ್ತದಂತೆ ಗಂಜಿಯಷ್ಟು ಗಟ್ಟಿ ಮಾಡಿದ ಕಾಫಿಯನ್ನು ಚಮಚದಲ್ಲಿ ಕುಡಿಸಿದ.

ಕ್ರಿಸ್ಮಸ್ ಆದ ಮಾರನೆಯ ದಿನ ರೌಟರಿನ ಆಂಟೆನಾ ಕೊಂಬನ್ನು ರೌನೊ ಸ್ವಲ್ಪ ಓರೆಯಾಗಿ ತಿರುಗಿಸಿ ನೋಡಿದ. ಮೇಲೆ ಹೋದರೆ ಇರ್ಯಾಳ ಪರದೆಯಲ್ಲಿ ಸಿಗ್ನಲ್ಲಿನ ಗೀಟುಗಳೆಲ್ಲ ತುಂಬಿ ಹಸಿರಾಗಿ ನಿಂತಿದ್ದವು. "ನೋಡಿದ್ಯಾ? ಕೊಂಬಿನ ಓರೆ ಅಷ್ಟೇ," ಎಂದು ಬೀಗಿದ.

ಅದೇ ದಿನ ಡಾಕ್ಟರ್ ಕರ್ಲೀನಿ ಬಂದರು. ಸಣ್ಣ ವಯಸ್ಸಿನ ಹೆಂಗಸು, ಮಾತು ನೇರ. ಉಸಿರಾಟದ ಸ್ನಾಯು ಸೋಲುತ್ತಿದೆ, ಗಂಟಲಿಗೆ ತೂತು ಮಾಡಿ ಉಸಿರಿನ ಯಂತ್ರ ಜೋಡಿಸಬಹುದು, ಜೋಡಿಸಿದರೆ ವರ್ಷಗಟ್ಟಲೆ ಬದುಕಬಹುದು. ಇಲ್ಲವಾದರೆ ಹಿಮ ಕರಗುವವರೆಗೆ ಎಂದರು.

"ಜೋಡಿಸಿ," ಎಂದ ರೌನೊ.

"ನಾನು ಅವರನ್ನ ಕೇಳ್ತಿದೀನಿ, ಮಿಸ್ಟರ್ ಕೆಸ್ಕಿನೆನ್."

ಇರ್ಯಾ ಎರಡು ಸಲ ಕಣ್ಣು ಮುಚ್ಚಿದಳು.

ಡಾಕ್ಟರ್ ಒಂದು ತಿಂಗಳು ಯೋಚಿಸಿ ಎಂದು ಹೇಳಿ ಹೋದರು. ಅವರ ಕಾರು ಬೀದಿ ದಾಟುವವರೆಗೆ ರೌನೊ ತಡೆದುಕೊಂಡ. ಆಮೇಲೆ ಮಂಚದ ಬಳಿ ನಿಂತು, ಜೀವಮಾನದಲ್ಲಿ ಎದುರಿಗೆ ನಿಂತು ಆಡದ ಮಾತನ್ನು ಆಡಿದ. "ನನ್ನನ್ನ ಬಿಟ್ಟು ಹೋಗೋಕೆ ಅಷ್ಟು ಅವಸರವೇನೇ ನಿನಗೆ? ಒಂದು ಮಾತು ಕೇಳಬೇಕು ಅಂತಾನೂ ಅನಿಸಲಿಲ್ವಾ? ನಾನೇನು ಈ ಮನೇಲಿ ಬಾಡಿಗೆಗೆ ಇದೀನಾ?" ಎಂದವನು ಉತ್ತರಕ್ಕೂ ಕಾಯದೆ ಕೆಳಗಿಳಿದು ಬಿಟ್ಟ.

ಮಾರನೆಯ ದಿನ ಪೆಟ್ಟಿಗೆ ತೆರೆಯಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಗಂಟೆ ಮಾತ್ರ ಬಾರಿಸುತ್ತಿತ್ತು: ಮಗ್ಗುಲು ಬದಲಿಸಬೇಕು, ಜೊಲ್ಲು ಒರೆಸಬೇಕು, ಕಿಟಕಿಯ ಪರದೆ ಎಳೆಯಬೇಕು. ಹೋಗಿ ಮಾಡಿ ಬರುತ್ತಿದ್ದ. ಅವಳ ಕಣ್ಣು ಅವನ ಮುಖದ ಮೇಲೇ ನೆಟ್ಟಿರುತ್ತಿತ್ತು, ಏನನ್ನೋ ಕೇಳುವಂತೆ. ಕೋಪ ಇನ್ನೂ ಇಳಿದಿಲ್ಲ ಎಂದು ಅವನು ಕಣ್ಣು ತಪ್ಪಿಸುತ್ತಿದ್ದ. ಒಮ್ಮೆ ಸೋತು, ಕೆಳಗಿನಿಂದ "ಕಾಫಿ ತರಲಾ?" ಎಂದು ಬರೆದು ಕಳಿಸಿದ. ಜಪ್ಪಯ್ಯ ಎಂದರೂ ಉತ್ತರ ಬರಲಿಲ್ಲ. ಯಂತ್ರದಲ್ಲೇ ಏನಾದರೂ ಕೆಟ್ಟಿದೆಯೋ ಎಂದು ಮೇಲೆ ಹೋದಾಗ ಓರೆಗಣ್ಣಿನಿಂದ ಅವಳ ಪರದೆ ನೋಡಿದ. ನೆಟ್‌ವರ್ಕಿನ ಹೆಸರು ಅದೇ. ಗೀಟುಗಳೆಲ್ಲ ಭರ್ತಿ. ಯಂತ್ರದಲ್ಲಿ ತಪ್ಪಿಲ್ಲ ಎಂದಮೇಲೆ ತಪ್ಪು ಮನುಷ್ಯರದ್ದೇ. ತಾನು ಮಾಡಿದ ಕೆಲಸ ಕೆಟ್ಟಿರಬಹುದು ಎಂದು ನಂಬುವುದಕ್ಕಿಂತ ಕಟ್ಟಿಕೊಂಡ ಹೆಂಡತಿ ತನ್ನನ್ನು ದ್ವೇಷಿಸುತ್ತಾಳೆ ಎಂದು ನಂಬುವುದೇ ಆ ಮಹಾರಾಯನಿಗೆ ಸುಲಭವಾಯಿತು.

ಜನವರಿ ಪೂರ್ತಿ ಹೀಗೆ ಹೋಯಿತು. ಇಬ್ಬರೂ ಬಾಯಿಬಿಡಲಿಲ್ಲ ಎನ್ನಲು ಬಾಯಿ ಇದ್ದದ್ದು ಒಬ್ಬರಿಗೆ ಮಾತ್ರ. ಅವನಾದರೂ ಕೇಳಬಹುದಿತ್ತು. ಕೇಳಲಿಲ್ಲ.

ಡಾಕ್ಟರ್ ಮತ್ತೆ ಬರುವ ಹಿಂದಿನ ದಿನ ಬೆಳಗ್ಗೆ ಬಾಗಿಲನ್ನು ಯಾರೋ ಗುದ್ದಿದರು. ಆ ಬೀದಿಯಲ್ಲಿ ಬಾಗಿಲು ಗುದ್ದುವ ಪದ್ಧತಿಯೇ ಇಲ್ಲ, ಕೂಗುತ್ತ ಒಳಗೆ ಬರುವುದೇ. ತೆರೆದರೆ ಪಕ್ಕದ ಮನೆಯ ಮೈರನ್.

ಯುಕ್ರೇನಿನ ಕಡೆಯ ಈ ಮೈರನ್‌ಗೂ ರೌನೊಗೂ ಮಾತು ಬಿಟ್ಟು ಎಷ್ಟೋ ಚಳಿಗಾಲವಾಗಿತ್ತು. ಕಾರಣ ಹಿಮ. ತನ್ನ ಅಂಗಳದ ಹಿಮವನ್ನು ಮೈರನ್ ಬೇಲಿಯಾಚೆ ಎಸೆಯುತ್ತಾನೆಂದು ರೌನೊ, ಎಸೆದದ್ದು ರೌನೊನೇ ಎಂದು ಮೈರನ್. ಒಂದು ದಿನ ಇಬ್ಬರೂ ಸಲಿಕೆ ಎತ್ತಿದ್ದರು. ಅಂದಿನಿಂದ ಇಬ್ಬರ ಅಂಗಳದ ನಡುವೆ ಯಾರೂ ಮುಟ್ಟದ ಹಿಮದ ದಿಬ್ಬವೊಂದು ಪ್ರತಿವರ್ಷ ಏಳುತ್ತಿತ್ತು, ಪ್ರತಿವರ್ಷ ಕರಗುತ್ತಿತ್ತು.

"ಏನಯ್ಯಾ," ಎಂದ ಮೈರನ್. ಚಳಿಗೋ ಸಿಟ್ಟಿಗೋ ಮುಖ ಕೆಂಪಾಗಿತ್ತು. "ಬೈಯ್ಯೋದಾದ್ರೆ ಗಂಡಸಿನ ಹಾಗೆ ಎದುರಿಗೆ ಬಂದು ಬೈ. ಕಂಪ್ಯೂಟರ್ ಒಳಗಿಂದ ಕದ್ದು ಬೈತೀಯಲ್ಲ, ನಾಚಿಕೆ ಆಗಲ್ವಾ ನಿನಗೆ?"

"ನಾನಾ? ನಿನ್ನನ್ನ ಬೈಯ್ಯೋದಕ್ಕೆ ನನಗೆ ಪುರುಸೊತ್ತು ಎಲ್ಲಿದೆಯೋ?"

"ಸಾಕು ಸುಮ್ನಿರು. ದಿನಾ ಬೆಳಗ್ಗೆ ನನ್ನ ಪರದೆ ಮೇಲೆ ಪೆಟ್ಟಿಗೆ ತೆರ್ಕೊಳತ್ತೆ. ಮೇಲ್ಗಡೆ ನಿನ್ನ ಹೆಸರು, ರೌನೊ, ರೌನೊ ಅಂತ. ಕೆಳಗೆ ಮಾರುದ್ದ ಬೈಗುಳ, ನಿಮ್ಮ ಭಾಷೇಲಿ. ಅರ್ಥ ಆಗಲ್ಲ ಅಂದ್ಕೊಂಡ್ಯಾ? ಹೆಸರು ಬೇರೆ ಹಾಕ್ಕೋತಾನಂತೆ, ಏನು ಧೈರ್ಯ!"

ರೌನೊ ಹೊಸಿಲು ದಾಟಿ ಹೊರಗೆ ಬಂದ.

"ಯಾವಾಗಿಂದ?" ಎಂದ.

"ಮಗಳು ಕ್ರಿಸ್ಮಸ್ಸಿಗೆ ವಿನ್ನಿಪೆಗ್‌ನಿಂದ ಬಂದು ಆ ರೌಟರ್ ಹಾಕಿಕೊಟ್ಟು ಹೋದಾಗಿಂದ. ಮೊದಲು ಜಾಹೀರಾತು ಅಂದ್ಕೊಂಡೆ. ಯಾಕೆ, ನಿನಗೆ ಗೊತ್ತಿಲ್ವಾ?"

"ತೋರಿಸು," ಎಂದ ರೌನೊ. ಕೋಟು ಹಾಕಿಕೊಳ್ಳಲೂ ನಿಲ್ಲಲಿಲ್ಲ. ಬರೀ ಸ್ವೆಟರಿನಲ್ಲಿ ಹಿಮದ ದಿಬ್ಬವನ್ನು ಏರಿ ಇಳಿದು ನಡೆದ. ಹಿಂದೆ ಮೈರನ್ "ಲೇ, ಲೇ, ನಿಲ್ಲೋ" ಎನ್ನುತ್ತ ಬಂದ.

ಮೈರನ್‌ನ ಕಂಪ್ಯೂಟರ್ ಊಟದ ಕೋಣೆಯಲ್ಲಿತ್ತು. ಕಿಟಕಿಯ ಕಟ್ಟೆಯ ಮೇಲೆ, ಜಿರೇನಿಯಂ ಕುಂಡದ ಪಕ್ಕ, ರೌನೊನದ್ದೇ ತರಹದ ರೌಟರ್, ಅದೇ ಕಂಪನಿ, ತಯಾರಿಸಿದವರು ಇಟ್ಟ ಅದೇ ಹೆಸರು. ಮಗಳೂ ಹೆಸರು ಬದಲಿಸಿರಲಿಲ್ಲ, ಬೀಗ ಹಾಕಿರಲಿಲ್ಲ, ಅವಳೂ ಆ ಬೀದಿಯಲ್ಲೇ ಬೆಳೆದವಳು. ಆ ಕಿಟಕಿಯ ನೇರಕ್ಕೆ, ನಡುವೆ ಗಾಳಿ ಬಿಟ್ಟರೆ ಏನೂ ಇಲ್ಲದೆ, ಇರ್ಯಾಳ ಕಿಟಕಿ. ರೌನೊಗೆ ಒಂದೇ ನೋಟಕ್ಕೆ ಎಲ್ಲ ತಿಳಿಯಿತು. ಅವನ ರೌಟರಿಗೂ ಇರ್ಯಾಳ ಮಂಚಕ್ಕೂ ನಡುವೆ ಇದ್ದದ್ದು ಅವನ ಸೌನಾ. ಸಂದಿಲ್ಲದಂತೆ ಅವನೇ ಹೊದಿಸಿದ, ಸಿಗ್ನಲ್ ದಾಟಲಾರದ ಅಲ್ಯೂಮಿನಿಯಂ. ಮೆಟ್ಟಿಲ ಬಾಯಿಂದ ಸುತ್ತಿಕೊಂಡು ಬರುತ್ತಿದ್ದ ಬಡಕಲು ಸಿಗ್ನಲನ್ನು ಬಿಟ್ಟು ಅವಳ ಲ್ಯಾಪ್‌ಟಾಪು ಅದೇ ಹೆಸರಿನ ಬಲವಾದದ್ದನ್ನು ಹಿಡಿದುಕೊಂಡಿತ್ತು. ಕೊಂಬಿನ ಓರೆ ಎಂದು ತಾನು ಬೀಗಿದ್ದು ನೆನಪಾಯಿತು.

"ಹಳೇದೆಲ್ಲ ಎಲ್ಲಿ?" ಎಂದ.

"ಎಲ್ಲಿ ಅಂದ್ರೆ? ಓಕೆ ಒತ್ತಿದ್ರೆ ಹೋಯ್ತು. ಒತ್ತಿಬಿಡ್ತಿದ್ದೆ."

"ಎಲ್ಲಾನೂ?"

"ಎಲ್ಲಾನೂ. ಕೆಲವು ಎಷ್ಟುದ್ದ ಇರ್ತಿದ್ವು ಮಾರಾಯ..." ಮೈರನ್ ಮಾತು ನಿಲ್ಲಿಸಿದ. ರೌನೊನ ಮುಖ ನೋಡಿ ಅವನ ಸಿಟ್ಟು ಎಲ್ಲೋ ಜಾರಿಹೋಗಿತ್ತು. "ನೀನಲ್ಲ ಅಂದ್ರೆ ಮತ್ಯಾರು ಬರೀತಿದ್ದಿದ್ದು?"

ಆಗಲೇ ಪರದೆಯ ನಡುವೆ ಠಣ್ಣನೆ ಪೆಟ್ಟಿಗೆ ತೆರೆಯಿತು.

ಪೆಟ್ಟಿಗೆಯ ತಲೆಯಲ್ಲಿ ತಯಾರಿಸಿದವರು ಲ್ಯಾಪ್‌ಟಾಪಿಗೆ ಕೊಟ್ಟ ಅಂಕಿ ಅಕ್ಷರಗಳ ಸಿಕ್ಕು. ಅದರ ಕೆಳಗೆ ಇರ್ಯಾಳ ಮಾತು. ರೌನೊ ಇನ್ನೊಬ್ಬರ ಮನೆಯಲ್ಲಿ, ಹಿಮ ಮೆತ್ತಿದ ಬೂಟಿನಲ್ಲಿ ನಿಂತು ಓದಿದ.

"ರೌನೊ, ನಾಳೆ ಡಾಕ್ಟರ್ ಬರ್ತಾರೆ. ನಾನು ಅಷ್ಟೆಲ್ಲ ಬರೆದೆ, ನೀನು ಒಂದು ಮಾತೂ ಆಡಲಿಲ್ಲ. ನಿನ್ನ ಮನಸ್ಸಲ್ಲಿ ಏನಿದೆ ಅಂತ ನನಗೆ ಗೊತ್ತಾಯ್ತು. ನಿನ್ನ ಕೋಪ ಹೊತ್ಕೊಂಡು ಹೋಗೋ ಶಕ್ತಿ ನನಗಿಲ್ಲ. ನಾಳೆ ಹೂಂ ಅಂತೀನಿ. ಯಂತ್ರ ಹಾಕಲಿ. ಇನ್ನಾದರೂ ನನ್ನ ಮುಖ ನೋಡು."

"ಏನಂತೆ?" ಎಂದ ಮೈರನ್, ತಗ್ಗಿದ ದನಿಯಲ್ಲಿ.

"ಇರ್ಯಾ ಬರೆದಿರೋದು. ನನಗೆ," ಎಂದ ರೌನೊ.

ಮೈರನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಕಾಯಿಲೆಯ ಸುದ್ದಿ ಬೀದಿಗೆಲ್ಲ ಗೊತ್ತಿದ್ದದ್ದೇ. "ದೇವರಾಣೆ ನನಗೆ ಗೊತ್ತಿರಲಿಲ್ಲ ಕಣಯ್ಯಾ," ಎಂದ. "ಅಷ್ಟೂ ಮಾತನ್ನ ನಾನು ನೊಣ ಓಡಿಸಿದ ಹಾಗೆ ಓಡಿಸಿಬಿಟ್ನಲ್ಲ." ಬಗ್ಗಿ ರೌಟರಿನ ಪ್ಲಗ್ಗನ್ನು ಗೋಡೆಯಿಂದ ಕಿತ್ತ. "ಇದು ಇನ್ನು ಬೇಡ. ನಿನ್ನದನ್ನ ಸರಿಮಾಡ್ಕೊ. ಆಮೇಲೆ ಒಂದು ಹೆಸರಿಡು, ಬೀಗ ಹಾಕು. ಕೋಟು ತಗೋ, ನನ್ನದು, ಹಾಗೇ ಹೋಗಬೇಡ."

ರೌನೊ ಅವನ ಕೋಟು ಹೊದ್ದು ಹೊರಬಿದ್ದ. ದಿಬ್ಬದ ಮೇಲೆ ಹತ್ತಿ ನಿಂತ. ಇರ್ಯಾಳ ಕಿಟಕಿ ಅಲ್ಲಿಂದ ಕಾಣುತ್ತಿತ್ತು. ನಾಳೆ ಅವಳು ಹೂಂ ಎನ್ನುತ್ತಾಳೆ. ವರ್ಷಗಟ್ಟಲೆ ಬದುಕುತ್ತಾಳೆ. ಅವನು ಹಗಲೂ ರಾತ್ರಿ ಕೇಳಿಕೊಂಡದ್ದು ಇದೊಂದನ್ನೇ, ದೇವರ ಮೇಲೆ ನಂಬಿಕೆಯಿಲ್ಲದೆಯೂ ಕೇಳಿಕೊಂಡದ್ದು. ಅದಕ್ಕಾಗಿ ಅವನು ಮಾಡಬೇಕಾದದ್ದು ಏನೂ ಇಲ್ಲ. ಸುಮ್ಮನಿದ್ದರೆ ಸಾಕು. ಒಳಗೆ ಹೋಗಿ, ಅವಳ ಮುಖ ನೋಡಿ, ಹಣೆಯ ಮೇಲೆ ಕೈಯಿಟ್ಟರೆ ಸಾಕು. ಅವಳು ಏನೇನು ಬರೆದಳೋ ಅದು ಹೋಯಿತು, ಇನ್ನು ಯಾರಿಗೂ ಸಿಗುವುದಿಲ್ಲ. ಮೈರನ್‌ಗೆ ಫಿನ್ನಿಶ್ ಬಾರದು. ಅವಳ ಹೂಂ ಎಲ್ಲಿಂದ ಹುಟ್ಟಿತೆಂದು ಗೊತ್ತಿದ್ದವನು ಲೋಕದಲ್ಲಿ ತಾನೊಬ್ಬನೇ.

ಸುಮ್ಮನಿರುವುದು ಅವನಿಗೆ ಎಷ್ಟು ಚೆನ್ನಾಗಿ ಬರುತ್ತಿತ್ತು! ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹಾಗೇ ಸುಮ್ಮನೆ ಮನೆಯೊಳಗೆ ಹೋದ. ಗಂಟೆ ಬಾರಿಸಿತು. ಮೇಲೆ ಹೋಗಿ ಅವಳ ದಿಂಬು ಸರಿಮಾಡಿದ. ಇರ್ಯಾ ಅವನನ್ನು ನೋಡಿದಳು. ಅವನೂ ನೋಡಿದ, ತಿಂಗಳಾದ ಮೇಲೆ ಮೊದಲ ಸಲ. ಅವಳ ತುಟಿಯ ಒಂದು ಮೂಲೆ ಇನ್ನೂ ಮೇಲೇಳಬಲ್ಲದಾಗಿತ್ತು, ಅದು ಮೇಲೆದ್ದಿತು. ಬೇಡುವವರು ನಗುವ ನಗು ಅದು. ಇರ್ಯಾ ಯಾರಿಗೂ ಹಾಗೆ ನಕ್ಕವಳಲ್ಲ. ಅವಳ ಅಪ್ಪನಿಗೂ, ಪಾದ್ರಿಗೂ, ಅವನಿಗೂ ನಕ್ಕಿರಲಿಲ್ಲ.

ರೌನೊಗೆ ಅದನ್ನು ಸಹಿಸಲಾಗಲಿಲ್ಲ.

"ಇರ್ಯಾ," ಎಂದ. ಎದುರಿಗೆ ನಿಂತೇ ಹೇಳಬೇಕಾಗಿತ್ತು. "ಕ್ರಿಸ್ಮಸ್ ಆದಮೇಲೆ ನೀನು ಬರೆದದ್ದು ಒಂದಕ್ಷರಾನೂ ನನಗೆ ಮುಟ್ಟಿಲ್ಲ ಕಣೇ. ಎಲ್ಲಾ ಮೈರನ್ ಮನೆಗೆ ಹೋಗಿದೆ. ಇವತ್ತಿಂದು ಒಂದನ್ನ ಅಲ್ಲೇ ನಿಂತು ಓದಿದೆ. ಮಿಕ್ಕಿದ್ದೆಲ್ಲಾ ಹೋಯ್ತು. ನಾನು ಸಿಟ್ಟಿನಿಂದ ಸುಮ್ಮನಿದ್ದೆ ಅಂದ್ಕೊಂಡ್ಯಾ? ನೀನು ಸಿಟ್ಟಾಗಿದೀಯ ಅಂತ ನಾನು ಅಂದ್ಕೊಂಡೆ. ತಪ್ಪು ನನ್ನದೇ. ನಾನು ಕಟ್ಟಿದ್ದೇ ತಪ್ಪು."

ಇರ್ಯಾಳ ಕಣ್ಣಂಚಿನಿಂದ ನೀರು ಕಿವಿಯ ಕಡೆ ಹರಿಯಿತು. ಅವನು ಒರೆಸಿದ. ಆಮೇಲೆ ಬೆರಳು ಮೆಲ್ಲಗೆ ಕದಲಿತು.

"ಮೈರನ್‌ಗೆ ಫಿನ್ನಿಶ್ ಬರುತ್ತಾ?"

"ಇಲ್ಲ. ನಾನು ಬೈತಿದೀನಿ ಅಂದ್ಕೊಂಡಿದ್ದ."

ಅವಳ ಗಂಟಲಿನಿಂದ ಗೊರಗೊರ ಸದ್ದು ಬಂತು. ಉಸಿರುಗಟ್ಟಿತೇನೋ ಎಂದು ರೌನೊ ಗಾಬರಿಯಾದ. ಅಲ್ಲ, ನಗುತ್ತಿದ್ದಳು.

"ಹೆದರಬೇಡ. ಪೂರ್ತಿ ಸುಳ್ಳಲ್ಲ. ಕೆಲವು ಬೈಗುಳವೇ," ಎಂದು ಬರೆದಳು. ಬೆರಳಿಗೆ ಸುಧಾರಿಸಿಕೊಳ್ಳಲು ಬಿಟ್ಟು, ಮತ್ತೆ ಬರೆದಳು. "ಅದನ್ನ ಸರಿಮಾಡು. ಆಮೇಲೆ ಕೆಳಗೆ ಹೋಗು."

ರೌನೊ ಸರಿಮಾಡಿದ. ಕೆಲಸವೇನೂ ದೊಡ್ಡದಲ್ಲ, ಮೊದಲ ದಿನವೇ ಮಾಡಬಹುದಾದದ್ದು. ನೆಲಮಾಳಿಗೆಯಿಂದ ಮೆಟ್ಟಿಲ ಗೋಡೆಯುದ್ದಕ್ಕೂ ತಂತಿ ಎಳೆದು ರೌಟರನ್ನು ಅಡುಗೆಮನೆಗೆ ತಂದ. ಸೌನಾದ ಹಂಗಿಲ್ಲದೆ ಅಲ್ಲಿಂದ ಇರ್ಯಾಳ ಬಾಗಿಲು ನೇರಕ್ಕಿತ್ತು. ಹೆಸರು ಕೇಳಿದಾಗ ಅವಳ ತಂದೆಯ ಹಳ್ಳಿಯ ಹೆಸರು ಇಟ್ಟ. ಬೀಗವನ್ನೂ ಹಾಕಿದ. ಕೆಳಗೆ ಹೋಗಿ ಮೇಜಿನ ಮುಂದೆ ಕೂತ.

ಮಾತು ತುಂಡು ತುಂಡಾಗಿ ಇಳಿಯಿತು. ಬೆರಳು ಸೋತಿತ್ತು, ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ಬಹಳ ಹೊತ್ತು ಹಿಡಿಯುತ್ತಿತ್ತು. ರೌನೊ ಎದ್ದು ಹೋಗಲಿಲ್ಲ. ಪ್ರತಿ ಸಲ ಓಕೆ ಒತ್ತುವ ಮುನ್ನ ಎರಡೆರಡು ಸಲ ಓದಿದ.

"ಮೊದಲು ಬರೆದಷ್ಟು ಚೆನ್ನಾಗಿ ಈಗ ಬರಲ್ಲ. ಚಿಕ್ಕದಾಗಿ ಹೇಳ್ತೀನಿ."

"ಯಂತ್ರ ಹಾಕೋದು ಡಾಕ್ಟರ ಕೆಲಸ. ಆದ್ರೆ ಒಂದು ದಿನ ಅದನ್ನ ನಿಲ್ಲಿಸಿ ಅಂತ ಯಾರಾದ್ರೂ ಹೇಳಬೇಕು."

"ಆಗ ನನಗೆ ಬೆರಳೂ ಇರಲ್ಲ, ಕಣ್ಣೂ ಆಡಲ್ಲ. ಕೇಳೋದು ನಿನ್ನನ್ನ."

"ನೀನು ಹೇಳಲ್ಲ. ನಿನಗೆ ಆಗಲ್ಲ. ಎಷ್ಟು ವರ್ಷ ಬೇಕಾದ್ರೂ ನನ್ನನ್ನ ಹಾಗೇ ಇಟ್ಕೋತೀಯ."

"ಹೇಳಿದ್ರೆ, ಆಮೇಲೆ ಈ ಮನೇಲಿ ನೀನೊಬ್ಬನೇ ಅದನ್ನ ಹೊತ್ಕೊಂಡು ಕೂತಿರ್ತೀಯ. ಹೆಂಡತೀನ ನಾನೇ ನಿಲ್ಲಿಸಿದೆ ಅಂತ. ಯಾರ ಹತ್ರಾನೂ ಬಾಯಿಬಿಡಲ್ಲ ನೀನು."

"ಅದನ್ನ ನಿನ್ನ ತಲೆಗೆ ಕಟ್ಟಿ ಹೋಗೋಕೆ ನನಗೆ ಇಷ್ಟ ಇಲ್ಲ. ಅಷ್ಟೇ. ನಿನ್ನನ್ನ ಬಿಟ್ಟು ಹೋಗೋ ಅವಸರ ಅಲ್ಲ, ದಡ್ಡ."

ರೌನೊ ಮೇಜಿಗೆ ಹಣೆಯೂರಿ ಅತ್ತ. ಮೈರನ್‌ನ ಕೋಟು ಇನ್ನೂ ಮೈಮೇಲೆಯೇ ಇತ್ತು. ಅತ್ತು ಮುಗಿದ ಮೇಲೆ ಕೀಲಿಮಣೆ ಹತ್ತಿರಕ್ಕೆಳೆದುಕೊಂಡ.

"ನಾನೊಬ್ಬನೇ ಏನು ಮಾಡಲಿ?" ಎಂದು ಬರೆದ.

"ಗೊತ್ತಿಲ್ಲ," ಎಂದು ಉತ್ತರ ಬಂತು. ಸುಳ್ಳು ಸಮಾಧಾನ ಹೇಳುವ ಜಾಯಮಾನವೇ ಅವಳದಲ್ಲ. ಸ್ವಲ್ಪ ತಡೆದು ಇನ್ನೊಂದು ಬಂತು. "ಮೈರನ್‌ನ ಕೋಟು ವಾಪಸ್ ಕೊಟ್ಟು ಬಾ. ಕೊಟ್ಟವನು ಕೂತು ಕಾಫಿ ಕುಡಿದು ಬಾ."

ಅವನು ಹೋದ. ಆ ಮಧ್ಯಾಹ್ನ ಮೈರನ್‌ನ ಊಟದ ಕೋಣೆಯಲ್ಲಿ ಇಬ್ಬರು ಮುದುಕರು ಹೆಚ್ಚೇನೂ ಮಾತಾಡದೆ ಒಂದು ಪಾತ್ರೆ ಕಾಫಿ ಖಾಲಿ ಮಾಡಿದರು.

ಮಾರನೆಯ ದಿನ ಡಾಕ್ಟರ್ ಕರ್ಲೀನಿ ಬಂದಾಗ ಇರ್ಯಾಳ ಉಸಿರು ಹಿಂದಿನ ಸಲಕ್ಕಿಂತ ಕಷ್ಟದಿಂದ ಆಡುತ್ತಿತ್ತು. ಹಿಂದಿನ ದಿನದ ದಣಿವಿಗೆ ಬೆರಳು ಹಾಸಿಗೆಯ ಮೇಲೆ ಸುಮ್ಮನೆ ಬಿದ್ದಿತ್ತು. ಡಾಕ್ಟರ್ ಕುರ್ಚಿ ಎಳೆದುಕೊಂಡು ಅವಳ ಕಣ್ಣ ನೇರಕ್ಕೆ ಕೂತರು.

"ಮಿಸೆಸ್ ಕೆಸ್ಕಿನೆನ್, ಯೋಚಿಸಿದ್ರಾ? ಯಂತ್ರ ಜೋಡಿಸೋದಾದ್ರೆ ಈ ವಾರವೇ ಆಸ್ಪತ್ರೆಗೆ ಬರಬೇಕಾಗತ್ತೆ."

ಇರ್ಯಾ ಕಣ್ಣು ಮುಚ್ಚಲಿಲ್ಲ. ದೃಷ್ಟಿಯನ್ನು ಡಾಕ್ಟರ ಮುಖದಿಂದ ಮೆಲ್ಲಗೆ ಸರಿಸಿ ರೌನೊನ ಮೇಲಿಟ್ಟಳು. ಅವನು ಏನು ಹೇಳಿದರೂ ಅವಳು ಅದಕ್ಕೆ ಹೂಂ ಎನ್ನುತ್ತಾಳೆ ಎಂದು ಅವನಿಗೆ ಗೊತ್ತಾಯಿತು. ಆ ತೀರ್ಮಾನವನ್ನು ಅವಳು ಅವನಿಗೆ ಬಿಟ್ಟುಕೊಟ್ಟಿದ್ದಳು. ಅವನ ಜೀವಮಾನದಲ್ಲಿ ಯಾರೂ ಅವನಿಗೆ ಅಷ್ಟು ದೊಡ್ಡದನ್ನು ಕೊಟ್ಟಿರಲಿಲ್ಲ.

"ಬೇಡ ಡಾಕ್ಟ್ರೇ," ಎಂದ ರೌನೊ. "ಯಂತ್ರ ಬೇಡ."

ಡಾಕ್ಟರ್ ಹುಬ್ಬೇರಿಸಿ ಅವನ ಕಡೆ ತಿರುಗಿದರು. "ಇದು ಯಾರ ಮಾತು?"

"ಅವಳದು. ನನ್ನದು ಬೇರೆ ಇತ್ತು. ಅವಳು ಹೇಳಿದ್ದು ನನಗೆ ನಿನ್ನೆ ಮುಟ್ಟಿತು."

ಡಾಕ್ಟರ್ ಇರ್ಯಾಳನ್ನು ನೋಡಿದರು. ಇರ್ಯಾ ಒಂದು ಸಲ ಕಣ್ಣು ಮುಚ್ಚಿ, ಬಹಳ ಹೊತ್ತು ಹಾಗೇ ಇದ್ದು, ತೆರೆದಳು.

ಡಾಕ್ಟರನ್ನು ಬಾಗಿಲವರೆಗೆ ಬಿಟ್ಟು ಬಂದ ರೌನೊ ಮೆಟ್ಟಿಲ ಬಾಯಲ್ಲಿ ಒಂದು ಗಳಿಗೆ ನಿಂತ. ಆಮೇಲೆ ತಿರುಗಿ ಕೋಣೆಗೆ ಬಂದು, ಡಾಕ್ಟರ್ ಬಿಟ್ಟುಹೋದ ಕುರ್ಚಿಯಲ್ಲಿ, ಹೆಂಡತಿಯ ಮುಖಕ್ಕೆ ಮುಖ ಕೊಟ್ಟು ಕೂತ.